ಮೂರು ಸಲ ಬಣ್ಣ ಹಚ್ಚಿಸಿದ ಸಾಹುಕಾರ

ಇವತ್ತು ಪ್ರವಚನಕ್ಕೆ ಒಳಗೆ ಬರುವಾಗ ನಮ್ಮ ಮಂಟಪದ ಕಮಿಟಿಯ ಹಿರಿಯರು ಬಾಗಿಲಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದರು. ಒಬ್ಬರ ಕೈಯಲ್ಲಿ ಬಣ್ಣದ ಅಂಗಡಿಯ ಶೇಡ್ ಕಾರ್ಡು. "ಅಜ್ಜಾರ, ಈ ಮಂಟಪದ ಗ್ವಾಡಿಗೆ ಕೆನಿ ಬಣ್ಣ ಚಲೋನೋ, ತಿಳಿ ಗುಲಾಬಿ ಚಲೋನೋ, ನೀವ ಹೇಳಿಬಿಡ್ರಿ" ಅಂದರು. ಮೂರು ವಾರದಿಂದ ಇದೇ ಜಗಳವಂತೆ. ಇಬ್ಬರು ಮಾತು ಬಿಟ್ಟಿದ್ದಾರಂತೆ! ಯಾರು ಅಂತ ನಾನು ಹೇಳುವುದಿಲ್ಲ, ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ನಗಬೇಡಿ. ನಗುವವರ ಮನೆಯ ಗೋಡೆಯ ಸುದ್ದಿಯೂ ನನಗೆ ಗೊತ್ತು. ಬಣ್ಣ ಯಾವುದು ಅಂತ ಕೊನೆಗೆ ಹೇಳುತ್ತೇನೆ. ಮೊದಲು ಒಂದು ಕಥೆ ಕೇಳಿ.

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಸಾಹುಕಾರ ಅಂದ ಕೂಡಲೇ ನೀವು ಇವನು ಜಿಪುಣ, ಇವನು ಮೋಸಗಾರ ಅಂದುಕೊಳ್ಳುತ್ತೀರಿ. ಇವನು ಹಾಗಲ್ಲ ನೋಡಿ. ಒಳ್ಳೆಯವನು. ಹೆಂಡತಿಯ ಮೇಲೆ ಪ್ರಾಣ ಇಟ್ಟುಕೊಂಡವನು. ಅವಳು ಒಂದು ಕೇಳಿದರೆ ಹತ್ತು ತಂದು ಮುಂದಿಡುವವನು. ಅವನದು ಒಂದೇ ಒಂದು ಐಬು. ಎದುರಿನವರ ಮಾತು ಅರ್ಧ ಮುಗಿಯುವಷ್ಟರಲ್ಲಿ ಇವನು ಎದ್ದು ಕಾಲಿಗೆ ಚಪ್ಪಲಿ ಹಾಕಿಕೊಂಡಿರುತ್ತಿದ್ದ.

ಒಂದು ದಿನ ಹೆಂಡತಿ ಅಂದಳು, "ರೀ, ಯಾಕೋ ಮನಿ ಭಾಳ ಕತ್ತಲ ಅನ್ನಸಾಕತ್ತೇತ್ರಿ."

ಸಾಹುಕಾರ ತಲೆ ಎತ್ತಿ ಗೋಡೆ ನೋಡಿದ. ಅಪ್ಪನ ಕಾಲದ ಹಸಿರು ಬಣ್ಣ, ಮಾಸಿತ್ತು. ಹೌದಲ್ಲ, ಇದಕ್ಕೇ ಕತ್ತಲು ಅಂದುಕೊಂಡ. ಹೆಂಡತಿಗೆ ಇನ್ನೂ ಏನೋ ಹೇಳುವುದಿತ್ತು. ಇವನು ಆಗಲೇ ಬೀದಿಯಲ್ಲಿದ್ದ. ಊರಿನಲ್ಲಿ ಕೈ ಪಳಗಿದ ಒಬ್ಬ ಪೇಂಟರ್ ಇದ್ದ, ವಯಸ್ಸಾದವನು. ಅವನನ್ನು ಕರೆತಂದ. ವಾರ ಕಳೆಯುವಷ್ಟರಲ್ಲಿ ಮನೆಗೆಲ್ಲ ಕೆನೆ ಬಣ್ಣ ಬಂತು.

"ಈಗ ಹೆಂಗೈತಿ?" ಅಂತ ಕೇಳಿದ. ಅವಳು ಗೋಡೆಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತಳು. "ಚಲೋ ಐತ್ರಿ. ಆದ್ರ ಇನ್ನೂ ಕತ್ತಲ ಐತಿ ಅನಸ್ತೇತಿ" ಅಂದಳು.

ಸಾಹುಕಾರನಿಗೆ ಹಠ ಹಿಡಿಯಿತು. ಇನ್ನೂ ಕತ್ತಲೆಯೇ? ಹಾಗಾದರೆ ನಿಂಬೆ ಹಳದಿ! ಊರಿನವರನ್ನೆಲ್ಲ ಕರೆದು ಕರೆದು ಸಲಹೆ ಕೇಳಿದ. ಗೋಡೆಯ ಮೇಲೆ ಅಂಗೈಯಗಲದ ತುಂಡು ತುಂಡು ಬಣ್ಣ ಹಚ್ಚಿಸಿ, ಬೆಳಿಗ್ಗೆಯ ಬಿಸಿಲಿನಲ್ಲಿ ಒಮ್ಮೆ, ಸಂಜೆಯ ಬೆಳಕಿನಲ್ಲಿ ಒಮ್ಮೆ ನೋಡಿದ. ನೆಂಟರನ್ನು ಕೇಳಿದ, ವಾಸ್ತು ಹೇಳುವವನನ್ನು ಕೇಳಿದ, ಹಾಲು ಹಾಕಲು ಬಂದವನನ್ನೂ ಬಿಡಲಿಲ್ಲ. ವರ್ಷ ಒಪ್ಪತ್ತಿನಲ್ಲಿ ಎರಡನೆಯ ಸಲ ಮನೆಗೆ ಬಣ್ಣವಾಯಿತು. ಬೀದಿಯಲ್ಲಿ ಹೋಗುವವರು ನಿಂತು ನೋಡುವಂತಾಯಿತು. ಹೆಂಡತಿ ಮಾತ್ರ ಅದೇ ಮಾತು. "ಇನ್ನೂ ಕತ್ತಲ ಐತ್ರಿ."

ಈಗ ಸಿಟ್ಟು ಬಂತು. "ನಿನಗ ಸೂರ್ಯನ್ನ ತಂದು ಜಂತಿಗೆ ಕಟ್ಟಿದ್ರೂ ಸಮಾಧಾನ ಇಲ್ಲ!" ಅಂತ ರೇಗಿದ. ಅವಳು ಎದ್ದು ಅಡುಗೆಮನೆಗೆ ಹೋದಳು.

ನೋಡಿ, ಈ ನಡುವೆ ಮನೆಯಲ್ಲಿ ಬೇರೆ ಬೇರೆ ಸಂಗತಿಗಳೂ ನಡೆದಿದ್ದವು. ಒಂದು ದಿನ ಅವಳ ಹಣೆಯ ಮೇಲೆ ಬುಗುಟಿ ಎದ್ದಿತ್ತು. ಸಾಹುಕಾರ ನೋಡಿದ, ಕೇಳಲಿಲ್ಲ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಬೈದ, ಆದರೆ ಯಾಕೆ ಅಂತ ಕೇಳಲಿಲ್ಲ. ಅವಳು ಮೆಟ್ಟಿಲು ಇಳಿಯುವಾಗ ಮೊದಲು ಕಾಲಿನಿಂದ ತಡವಿ ನೋಡುತ್ತಿದ್ದಳು. ವಯಸ್ಸಾಯಿತು ಅಂದುಕೊಂಡ. ಎಲ್ಲವೂ ಕಣ್ಣೆದುರೇ ಇತ್ತು. ಕಣ್ಣು ಮಾತ್ರ ಗೋಡೆಯ ಮೇಲಿತ್ತು!

ಮೂರನೆಯ ಸಲ ಅವನು ಕೊನೆಯ ಅಸ್ತ್ರ ತೆಗೆದ. ಹಾಲಿನಂಥ ಬಿಳಿ, ಮುಖ ಕಾಣುವಂಥ ಹೊಳಪಿನ ಆಯಿಲ್ ಪೇಂಟು. ಗೋಡೆ ಬಿಳಿ, ಬಾಗಿಲ ಚೌಕಟ್ಟೂ ಬಿಳಿ, ಮೆಟ್ಟಿಲ ಅಂಚೂ ಬಿಳಿ. ಇದಕ್ಕಿಂತ ಬೆಳಕು ಇನ್ನೆಲ್ಲಿಂದ ತರಲಿ? ಮಧ್ಯಾಹ್ನದ ಹೊತ್ತಿಗೆ ಪಡಸಾಲೆಯ ಗೋಡೆ ಮುಗಿಯಿತು. ಪೇಂಟರ್ ಬ್ರಷ್ ತೊಳೆಯುತ್ತ, "ಸಾವ್ಕಾರ್ರ, ನಾಳೆ ಮುಂಜಾನಿತನಕ ಯಾರೂ ಮುಟ್ಟಬ್ಯಾಡ್ರಿ, ಹಸಿ ಐತಿ" ಅಂತ ಎಚ್ಚರಿಸಿದ. ಸಾಹುಕಾರ ಮನೆಯಲ್ಲಿ ಎಲ್ಲರಿಗೂ ಕೂಗಿ ಹೇಳಿದ. ಸಂಜೆ ಊರ ಹಿರಿಯರು ನೋಡಲು ಬರುವವರಿದ್ದರು. ಖುಷಿಯಲ್ಲಿ ಒಂದು ಗಳಿಗೆ ಕಣ್ಣು ಮುಚ್ಚಿ ಎದ್ದ.

ಎದ್ದು ಬಂದು ನೋಡುತ್ತಾನೆ. ಹೊಸ ಬಿಳಿ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಗೆರೆ! ಮಲಗುವ ಕೋಣೆಯ ಬಾಗಿಲಿನಿಂದ ಹೊರಟು ದೇವರ ಕೋಣೆ ದಾಟಿ ಅಡುಗೆಮನೆಯವರೆಗೆ. ನಾಲ್ಕು ಬೆರಳು ಎಳೆದ ಗುರುತು, ಅಲ್ಲಲ್ಲಿ ಇಡೀ ಅಂಗೈ ಒತ್ತಿದ ಗುರುತು.

"ಯಾರು? ಯಾರ ಕೈ ಇದು?" ಅಂತ ಅಬ್ಬರಿಸಿದ. ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳು ಓಡಿ ಬಂದಳು. "ನೀನ ಮಾಡಿರಬೇಕು, ತೋರಸು ಕೈ!" ಅಂದ. ಪಾಪ, ಅವಳು ಎರಡೂ ಕೈ ಚಾಚಿದಳು. ಬೂದಿ ಬಿಟ್ಟರೆ ಏನೂ ಇಲ್ಲ. ಇನ್ನೂ ಸಾಮಾನು ಕಟ್ಟುತ್ತಿದ್ದ ಪೇಂಟರನ ಕಡೆ ತಿರುಗಿದ. ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಹೆಂಡತಿ ಚಹಾ ತಂದಳು. ಸಾಹುಕಾರ ಕಪ್ಪು ತೆಗೆದುಕೊಳ್ಳಲು ಹೋದವನು ಅಲ್ಲೇ ನಿಂತ. ಕಪ್ಪಿನ ಕೆಳಗಿನ ಬಸಿಯ ಮೇಲೆ ಬಿಳಿ ಬೆರಳಿನ ಗುರುತು. ಸೆರಗಿನ ಮೇಲೆ ಬಿಳಿ ಬೆರಳಿನ ಗುರುತು. ಹಣೆಗೆ ಬಂದ ಕೂದಲು ಸರಿಸಿಕೊಂಡ ಕಡೆಯೆಲ್ಲ ಬಿಳಿ ಪಟ್ಟೆ. ಅವಳ ಬಲಗೈ ಮಣಿಕಟ್ಟಿನವರೆಗೆ ಸುಣ್ಣದಲ್ಲಿ ಅದ್ದಿ ತೆಗೆದಂತಿತ್ತು.

"ಏನ ಇದು? ನಿನ್ನ ಕೈ ನೋಡ್ಕೊ!" ಅಂದ.

ಅವಳು ಕೈ ಎತ್ತಿ ಮುಖದ ಹತ್ತಿರ ತಂದಳು. ಇನ್ನೂ ಹತ್ತಿರ ತಂದಳು. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಆಮೇಲೆ ಹೆದರಿದ ದನಿಯಲ್ಲಿ ಕೇಳಿದಳು, "ಏನಾಗೇತ್ರಿ ಕೈಗೆ?"

ಕೇಳಿದಿರಾ? ಏನಾಗಿದೆ ಅಂತ ಅವಳು ಇವನನ್ನು ಕೇಳಿದಳು! ಮೊಣಕೈವರೆಗೆ ಬಳೆ ಇದ್ದ ಆ ಕೈ, ದಿನಾ ಬಡಿಸಿದ ಆ ಕೈ, ತನ್ನದೇ ಕೈ. ಅದಕ್ಕೆ ಮೆತ್ತಿದ ಬಿಳಿ ಬಣ್ಣ ಅವಳಿಗೆ ಕಾಣಲಿಲ್ಲ. "ಜಿಗಿ ಜಿಗಿ ಅನ್ನಾಕತ್ತಿತ್ರಿ, ಬೆಲ್ಲದ ಪಾಕ ತಾಗಿರಬೇಕು ಅಂತ ತಿಳದಿದ್ದೆ" ಅಂದಳು. ಸಾಹುಕಾರ ಹತ್ತಿರ ಹೋಗಿ ಅವಳ ಮುಖದ ಮುಂದೆ ತನ್ನ ಕೈ ಆಡಿಸಿದ. ರೆಪ್ಪೆ ಅಲುಗಲಿಲ್ಲ.

"ಕಾಣವಲ್ದೇನು ನಿನಗ? ಯಾವಾಗಿಂದ? ಯಾಕ ಹೇಳಲಿಲ್ಲ?"

"ಹೇಳಿದ್ನೆಲ್ರಿ" ಅಂದಳು ಆ ತಾಯಿ. "ಕತ್ತಲ ಆಗೇತಿ ಅಂತ ಹೇಳಿದ್ನೆಲ್ಲ. ನೀವು ಬಣ್ಣದ ಡಬ್ಬಿ ತರಿಸಿದ್ರಿ."

ಇಷ್ಟಕ್ಕೇ ಮುಗಿಯಲಿಲ್ಲ. ಪೇಂಟರ್ ಮೆಲ್ಲಗೆ ಬಾಯಿ ಬಿಟ್ಟ. "ಸಾವ್ಕಾರ್ರ, ಮೂರು ಸಲ ಬಣ್ಣ ಹಚ್ಚಿದೆ. ಮೂರೂ ಸಲ ಮೊದಲು ಇದ ಗೆರಿ ಉಜ್ಜಿ ತಗದೇನಿ. ಬ್ಯಾರೆ ಕಡೆ ಗ್ವಾಡಿ ಸ್ವಚ್ಛ, ಇಲ್ಲಿ ಮಾತ್ರ ಕೈ ಮಾಸಿದ ಗೆರಿ. ಅಮ್ಮಾರು ಗ್ವಾಡಿ ಹಿಡದ ಓಡಾಡ್ತಾರ ಅಂತ ಗೊತ್ತಾಗಿತ್ತು. ನಿಮಗೂ ಗೊತ್ತಿರಬೇಕು ಅಂತ ಸುಮ್ಮನಿದ್ದೆ." ಪಾತ್ರೆ ತಿಕ್ಕುವವಳು ಅಳುತ್ತ ಅಂದಳು, "ನಾಕ ತಿಂಗಳಿಂದ ಸಾರಿಗೆ ಉಪ್ಪು ನಾನ ಹಾಕ್ತೇನ್ರಿ."

ನೋಡಿ, ನೋಡಿ! ಗೋಡೆಗೆ ಬಣ್ಣ ಬಳಿಯಲು ಬಂದವನಿಗೆ ಗೊತ್ತು. ಪಾತ್ರೆ ತಿಕ್ಕಲು ಬಂದವಳಿಗೆ ಗೊತ್ತು. ಮೂವತ್ತು ವರ್ಷ ಒಂದೇ ಸೂರಿನ ಕೆಳಗೆ ಉಂಡು ಮಲಗಿದವನಿಗೆ ಗೊತ್ತಿಲ್ಲ! ದೀಪದ ಬುಡದಲ್ಲೇ ಕತ್ತಲೆ ಅಂತ ನಾವೆಲ್ಲ ಹೇಳುತ್ತೇವೆ. ಎಷ್ಟು ಸಲೀಸಾಗಿ ಹೇಳುತ್ತೇವೆ. ಆ ಕತ್ತಲೆಯಲ್ಲಿ ಒಬ್ಬಳು ಗೋಡೆ ತಡವುತ್ತ ನಡೆಯುತ್ತಿರಬಹುದು ಅಂತ ನೆನೆಸುವುದಿಲ್ಲ.

ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತ ಬಂದಿದೆ ಅಂದರು ಡಾಕ್ಟರು. ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದರಲ್ಲಿ ಉಳಿದ ಚೂರು ನೋಟವನ್ನು ಔಷಧ ಹಾಕಿ ಕಾಯಬಹುದು, ಹೋದದ್ದು ಮರಳುವುದಿಲ್ಲ. "ಕತ್ತಲ ಅಂತ ಮೊದಲ ಸಲ ಅಂದಾಗ ಬಂದಿದ್ರ ಎರಡೂ ಉಳೀತಿದ್ದವು" ಅಂದುಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇವನು ಬರೆ ಹಾಕಿದ್ದು ಒಂದಲ್ಲ, ಮೂರು ಸಲ. ಅದೂ ಪ್ರೀತಿಯಿಂದ!

ಮನೆಗೆ ಬಂದು ಪೇಂಟರನ್ನು ಮತ್ತೆ ಕರೆಸಿದ. ಅವನು, "ಗೆರಿ ಅಳಸಲೇನ್ರಿ?" ಅಂದ. "ಬ್ಯಾಡ" ಅಂದ ಸಾಹುಕಾರ. ಈ ಸಲ ಊರಿನವರನ್ನು ಕೇಳಲಿಲ್ಲ. ಹೆಂಡತಿಯ ಪಕ್ಕದಲ್ಲಿ ಕುಳಿತ. ಒಂದೊಂದೇ ಹಲಗೆಗೆ ಬಣ್ಣ ಹಚ್ಚಿಸಿ ಅವಳ ಮುಂದೆ ಹಿಡಿಸಿದ. "ಇದು ಕಾಣ್ತೇತೇನು? ಇದು?" ಅಂತ ಕೇಳಿದ, ಅವಳು ಉತ್ತರ ಹೇಳುವವರೆಗೆ ಕಾದ. ಅವಳಿಗೆ ಬಿಳಿಯ ಪಕ್ಕದಲ್ಲಿ ಕಡು ನೀಲಿ ಇಟ್ಟರೆ ಮಸುಕಾಗಿ ಅಂಚು ಗೊತ್ತಾಗುತ್ತಿತ್ತು. ಬಾಗಿಲ ಚೌಕಟ್ಟುಗಳಿಗೆಲ್ಲ ಕಡು ನೀಲಿ ಬಂತು, ಮೆಟ್ಟಿಲ ಅಂಚುಗಳಿಗೆ ಕಡು ನೀಲಿ ಪಟ್ಟಿ ಬಂತು. ಊರು ನಕ್ಕಿತು. ಸಾಹುಕಾರನಿಗೆ ಬಣ್ಣದ ರುಚಿಯೇ ಇಲ್ಲ ಅಂತ ಆಡಿಕೊಂಡಿತು. ಆದರೆ ಅವಳ ಹಣೆಗೆ ಮತ್ತೆ ಬಾಗಿಲು ಬಡಿಯಲಿಲ್ಲ.

ಕಥೆ ಇಷ್ಟೇ. ಈಗ ನಿಮ್ಮ ಕಡೆ ಬರೋಣ. ಯಾಕೆ, ಇಷ್ಟು ಹೊತ್ತು ಆ ಸಾಹುಕಾರನನ್ನು ಮನಸ್ಸಿನಲ್ಲೇ ಬೈದಿರಿ ಅಲ್ಲವೇ? ನಿಮ್ಮ ಮಗಳು "ನಂಗ ಸಾಲಿ ಬ್ಯಾಡ" ಅಂದಾಗ ನೀವೇನು ಮಾಡಿದಿರಿ? ಶಾಲೆಗೆ ಹೊಸ ಚೀಲ ತಂದುಕೊಟ್ಟಿರಿ. ಅಲ್ಲಿ ಅವಳಿಗೆ ಏನಾಗುತ್ತಿದೆ ಅಂತ ಕೇಳಿದಿರಾ? ನಿಮ್ಮ ತಮ್ಮ "ಊಟ ರುಚಿ ಹತ್ತವಲ್ದು" ಅಂದಾಗ ಹೆಂಡತಿಯ ಅಡುಗೆಯನ್ನು ಬೈದಿರಿ. ಅವನ ಎದೆಯಲ್ಲಿ ಏನು ಕುಳಿತಿದೆ ಅಂತ ನೋಡಿದಿರಾ? ತಾಯಂದಿರೇ, ನೀವೂ ಅಷ್ಟೇ. ಗಂಡ ಮಾತು ಕಡಿಮೆ ಮಾಡಿದರೆ ಟಿವಿಯ ದನಿ ಜೋರು ಮಾಡುತ್ತೀರಿ! ನಿಮ್ಮಲ್ಲಿ ಯಾರೂ ಕೆಟ್ಟವರಲ್ಲ. ಅದೇ ನನಗೆ ಹೆದರಿಕೆ. ಕೆಟ್ಟವನಾದರೆ ತಿದ್ದಿಕೊಂಡಾನು. ನಾನು ಎಲ್ಲ ಮಾಡಿದೆ ಅನ್ನುವ ಒಳ್ಳೆಯವನನ್ನು ತಿದ್ದುವವರು ಯಾರು?

ಕಮಿಟಿಯವರೇ, ಬಣ್ಣ ಕೇಳಿದಿರಲ್ಲ. ಅಲ್ಲಿ ಕಂಬ ಹಿಡಿದು ಕುಳಿತ ಆ ಹಿರಿಯ ತಾಯಿಯನ್ನು ಕೇಳಿ, ಈ ಮಂಟಪದ ಮೆಟ್ಟಿಲು ಅವರಿಗೆ ಕಾಣುತ್ತದೆಯೇ ಅಂತ. ಅವರು ಹೇಳಿದ ಬಣ್ಣ ಹಚ್ಚಿ.

ಉಳಿದವರು ಇವತ್ತು ಮನೆಗೆ ಹೋಗಿ ಒಂದೇ ಒಂದು ಕೆಲಸ ಮಾಡಿ. ಯಾರಾದರೂ ಏನಾದರೂ ಬೇಡ ಅಂದರೆ, ಸರಿಯಿಲ್ಲ ಅಂದರೆ, ಕತ್ತಲು ಅಂದರೆ, ಚಪ್ಪಲಿ ಹಾಕಿಕೊಳ್ಳಬೇಡಿ. ಎದುರಿಗೆ ಕುಳಿತು, ಮುಖ ನೋಡಿ, "ನಿನಗ ಏನಾಗೇತಿ?" ಅಂತ ಕೇಳಿ. ಕೇಳಿದ ಮೇಲೆ ಏಳಬೇಡಿ. ಉತ್ತರ ಬರುವವರೆಗೆ ಅಲ್ಲೇ ಕುಳಿತಿರಿ.