ಕಾರಣದ ಪುಸ್ತಕ

...ಅದನ್ನ ಬುಡು ಅನುಪಮಾ, ಅದು ಲೆಕ್ಕದ ಪುಸ್ತಕ ಅಲ್ಲ. ನಕ್ಷೇಲಿ ಅದಕ್ಕೂ ಚೌಕ ಹಾಕ್ಬೇಕಾ? ಸರಿ, ಹಾಕು. ನಮ್ಮ ಕೊಬ್ಬರಿ ಮಂಡಿಗೆ ಕಂಪ್ಯೂಟರ್ ಬರೋ ಮುಂಚೆ ಯಾವ ವಿಷಯ ಯಾವ ಪುಸ್ತಕದಲ್ಲಿದೆ, ಯಾರು ಬರೀತಾರೆ, ಯಾರು ನೋಡ್ತಾರೆ, ಅಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಕ್ಷೆ ಮಾಡ್ಕೊಡು ಅಂದೋನು ನಾನೇ ತಾನೆ.

ಯಾಕ್ ನಗ್ತೀಯ? ನಕ್ಷೆ ಅಂದ್ರೆ ಜಮೀನಿಗೇ ಇರ್ಬೇಕಾ?

ತೂಕದ ಚೀಟಿ ಹುಚ್ಚಣ್ಣ ಬರೀತಾನೆ, ಗುಮಾಸ್ತ ವಸಂತನಿಗೆ ಹೋಗುತ್ತೆ. ಬಾಣ ಎಳ್ದೆ, ಸರಿ. ಲಾರಿ ಪುಸ್ತಕದ ಬಾಣ ದಿಲ್ಲಿವರೆಗೂ ಎಳಿ, ಕೊಬ್ಬರಿ ಹೋಗೋದು ಅಲ್ಲಿಗೇ.

ಇದಾ... ಇದು ಕಾರಣದ ಪುಸ್ತಕ. ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಇರ್ಬೇಕು, ಒಳಗೆ ಕೊಬ್ಬರಿ ಗಡಗಡ ಅನ್ನೋವರೆಗೂ. ಅದಕ್ಕೆ ಮುಂಚೇನೇ ಯಾರಾದ್ರೂ ಒಡೆದು ತಂದ್ರೆ ಯಾಕೆ ಅಂತ ಕೇಳ್ತೀನಿ. ನಮ್ಮಪ್ಪನ ಕಾಲದಿಂದ್ಲೂ ಹಂಗೇ. ಮದುವೆ, ಆಸ್ಪತ್ರೆ, ಬೋರು ಕೊರೆಸೋದು... ಹೆಸರಿನ ಪಕ್ಕ ಕಾರಣ ಬರ್ಕೋತೀನಿ. ಬರೋ ವರ್ಷ ಯಾರ ಅಟ್ಟ ಯಾವಾಗ ಖಾಲಿಯಾಗುತ್ತೆ ಅಂತ ಗೊತ್ತಾಗುತ್ತೆ. ಯಾಪಾರ ಕಣಮ್ಮ, ಇನ್ನೇನು.

ಬರೆಯೋದು ನಾನು. ಇಡೋದು ನನ್ನ ಗಾದಿ ಕೆಳಗೆ. ನೋಡೋರು... ಯಾರೂ ಇಲ್ಲ. ಬಾಣ ಬ್ಯಾಡ.

ಯಾಕ್ ಪುಟ ತಿರುವ್ತೀಯ? ನಿಮ್ಮಮ್ಮ ರಾಮಕ್ಕನ ಹೆಸರು ಇದ್ದೇ ಇರುತ್ತೆ. ಹೋದ ವರ್ಷ ಎಂಟು ತಿಂಗಳಿಗೇ ಒಡೆಸಿ ತಂದ್ಲು. ಕೇಳ್ದೆ, ಹೇಳಿದ್ಲು. ಮಗಳಿಗೆ ಮೂರ್ಛೆ ಬರುತ್ತೆ, ಬೆಂಗಳೂರಲ್ಲಿ ತೋರಿಸ್ಬೇಕು, ದಂಡಿನಶಿವರದ ಗಂಡಿನೋರು ಹೂ ಮುಡಿಸಿ ಹೋಗವ್ರೆ, ಯಾರಿಗೂ ಹೇಳ್ಬ್ಯಾಡಿ ಸಾವ್ಕಾರ್ರೇ ಅಂದ್ಲು. ನಾನು ಹೇಳ್ಲಿಲ್ಲ. ಯಾರ ಮುಂದೆ ಬೇಕಾದ್ರೂ ನಿಂತು ಅಂತೀನಿ, ಹೇಳ್ಲಿಲ್ಲ.

ನಿನ್ನ ಸಂಬಂಧ ಮುರಿದೋಯ್ತು, ಗೊತ್ತು. ನಿಮ್ಮ ಸೋದರತ್ತೆ ಚೌಡಮ್ಮನೇ ಹೇಳವ್ಳೆ ಅಂತ ನಿಮ್ಮನೇಲಿ ಅವಳ ಜೊತೆ ಮಾತೇ ಬಿಟ್ಟವ್ರಂತೆ... ಇರ್ಬೋದು. ಹೆಂಗಸ್ರ ಬಾಯಿ.

ಏನು? ಆ ಬೆರಳಿನ ಗುರುತಾ? ಸುಣ್ಣ ಇರ್ಬೇಕು. ಎಲೆ ಅಡಿಕೆ ಹಾಕೋರ ಕೈದು. ನಾನಾ... ನಾನು ಹಾಕಲ್ಲ. ನಿಂಗೆ ಗೊತ್ತಲ್ಲ.

ಅನುಪಮಾ... ಬೈಯೋದಾದ್ರೆ ಬೈದ್ಬುಡು. ಆ ಗುರುತಿನ ಮೇಲಿಂದ ಬೆರಳು ತೆಗಿ.

ಚಿಕ್ಕರಂಗಯ್ಯ ಬಂದಿದ್ದ. ಹೂಂ, ಗಂಡಿನ ದೊಡ್ಡಪ್ಪನೇ. ಅವನ ಅಟ್ಟದಲ್ಲಿ ನಲವತ್ತು ಸಾವಿರ ಕಾಯಿ ಇತ್ತು, ಬೇರೆ ಮಂಡಿಗೆ ಹಾಕೋದ್ರಲ್ಲಿದ್ದ. ಹುಡುಗಿ ಹೆಂಗೆ ಅಂತ ಕೇಳ್ದ. ಬಾಯಲ್ಲಿ ನಾನು ಹೇಳ್ಲಿಲ್ಲ ಕಣಮ್ಮ. ಈ ಪುಟ ತೆಗೆದು ಅವನ ಕಡೆ ತಿರುಗಿಸಿಟ್ಟೆ. ಕಾಫಿಗೆ ಹೇಳಿ ಬತ್ತೀನಿ ಅಂತ ಎದ್ದು ಹೋದೆ. ಅಷ್ಟೇ... ಕಾಯಿ ನಮ್ಮಲ್ಲಿಗೇ ಬಂತು.

ಪೆನ್ನು ಯಾಕೆ ನನ್ನ ಕೈಗೆ ಕೊಡ್ತೀಯ?

ಓ... ನಕ್ಷೆ ಹಾಳೆ ಅಂಚಿಗೆ ಚೌಕ ಮೊದ್ಲೇ ಹಾಕಿಟ್ಟಿದ್ದೀಯ. ದಂಡಿನಶಿವರ ಅಂತ ಬರ್ದೂ ಇಟ್ಟಿದ್ದೀಯ.

ಕೊಡು, ಈ ಬಾಣ ನಾನೇ ಎಳೀತೀನಿ. ಇಲ್ಲಿಂದ ಅಲ್ಲಿಗೆ ತಾನೆ?