ನರ್ಸಮ್ಮನಿಗಾಗಿ ಒಂದು ನಿಮಿಷ

ಬಸ್ಸು ಹೊರಡುವ ಲಕ್ಷಣವೇ ಇರಲಿಲ್ಲ. ಮುಂದಿನ ಸೀಟಿನಲ್ಲಿದ್ದ ದರ್ಜಿ ಗೊಣಗುತ್ತಿದ್ದವನು, ಡ್ರೈವರ್ ಮತ್ತು ಕಂಡಕ್ಟರ್ ಮಾತು ಕಿವಿಗೆ ಬಿದ್ದದ್ದೇ ಸುಮ್ಮನಾದ.

“ರೈಟ್ ಅಂದ್ನಲ್ಲಣ್ಣ, ಹೊರಡು.”

“ಒಂದ್ ನಿಮಿಷ ಇರೋ. ನರ್ಸಮ್ಮ ಬರ್ಬೇಕು.”

“ಅವ್ರು ಬರೋದು ಬಿಟ್ಟು ಹದಿನೈದು ದಿನ ಆಯ್ತು. ಬಾಡಿಗೆ ಕರೆಂಟ್ ಸ್ಕೂಟರಲ್ಲಿ ಓಡಾಡ್ತಾರೆ.”

“ನಾಲ್ಕು ವರ್ಷ ದಿನಾ ಕಾದಿದೀನಿ ಕಣೋ. ಆ ಸ್ಕೂಟರ್ ಯಾರಿಗಾದ್ರೂ ಕಾಯುತ್ತಾ? ಇವತ್ತು ಇವ್ರ ಜೊತೆ, ನಾಳೆ ಇನ್ನೊಬ್ರ ಜೊತೆ!”

“ಹೊಟ್ಟೆ ಉರೀತಿದೆ ನಿಂಗೆ.”

“ಆ ಡಬ್ಬಾ ನೋಡಿ? ನಂಗಾ?”

“ಅಗೋ, ಬಂದ್ರು ನೋಡು.”

ನರ್ಸಮ್ಮ ಸ್ಟಾಪಿನ ಪಕ್ಕ ಸ್ಕೂಟರ್ ನಿಲ್ಲಿಸಿದರು. ಡ್ರೈವರ್ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡ.

“ಹೇಳಲಿಲ್ವಾ? ಕೊನೇಗೆ ಬಸ್ಸೇ ಬೇಕಾಯ್ತು!”

“ಬಸ್ಸೇ ಅಣ್ಣ, ಆದ್ರೆ ನಮ್ದಲ್ಲ. ಮುಂದೆ ನಿಂತಿರೋ ಎಕ್ಸ್‌ಪ್ರೆಸ್ಸು. ಇವತ್ತು ಅದೂ ಲೇಟು.”

“ಅದ್ಯಾಕೆ ಅದು?”

“ಅವ್ರಿಗೆ ಯಾವಾಗ್ಲೂ ಅದೇ ಬೇಕಿತ್ತು. ನಡ್ಕೊಂಡು ಬರೋವಷ್ಟ್ರಲ್ಲಿ ತಪ್ಪಿಹೋಗ್ತಿತ್ತು, ನಮ್ದು ಹತ್ತುತ್ತಿದ್ರು. ಈಗ ಸ್ಕೂಟರ್ ಇದೆ, ಸಿಗುತ್ತೆ.”

ಡ್ರೈವರ್ ಗೇರಿನ ಮೇಲೆ ಕೈಯಿಟ್ಟ.

“ಸ್ಕೂಟರ್ ಆಗಿದ್ರೆ ಸಹಿಸ್ಕೋಬಹುದಿತ್ತು ಕಣೋ.”

ಗೇರು ಬಿತ್ತು. ಎಕ್ಸ್‌ಪ್ರೆಸ್ಸಿನ ಬೆನ್ನು ಹತ್ತಿದ ಬಸ್ಸು, ದರ್ಜಿ ಕೂಗಿಕೊಳ್ಳುತ್ತಿದ್ದಂತೆಯೇ, ಅವನು ಇಳಿಯಬೇಕಿದ್ದ ಸ್ಟಾಪನ್ನು ದಾಟಿಹೋಯಿತು.