ಆಲದ ಕೊಂಬೆಗೆ ತೂಗಿದ ಇಂಜಿನ್

ನಗಾಡಬ್ಯಾಡಿ ಮತ್ತೆ. ಸುಳ್ಳು ಹೇಳಿ ನಂಗೇನು ಆಗಬೇಕು? ನಮ್ಮ ಚಿಕ್ಕಪ್ಪನ ಮಗ ಕಾಂತರಾಜು ಅವ್ನಲ್ಲ, ಕಂಪಲಾಪುರದ ಆಚೆ ಆಲದ ಮರದ ಕೆಳಗೆ ಗ್ಯಾರೇಜ್ ಇಟ್ಕೊಂಡಿರೋನು… ಅವನಿಗೇ ಆದದ್ದು.

ಅವತ್ತು ರಾತ್ರಿ ಕೆಲಸ ಬುಟ್ಟು ಮನೆ ಕಡೆ ಹೊರಟವ್ನೆ. ಊರಲ್ಲೆಲ್ಲಾ ಕರೆಂಟಿಲ್ಲ. ಹಾಳುಬಾವಿ ಹತ್ರ ಬರೋ ಹೊತ್ಗೆ ಹಿಂದುಗಡೆಯಿಂದ ಸದ್ದು.

ಟಕ್.

ನಿಂತ್ಕಂಡ.

ಟಕ್… ಟಕ್…

ಚೈನ್ ಬ್ಲಾಕ್ ಸದ್ದು ಅದು. ಕೊಂಬೆಗೆ ಕಟ್ಟಿರೋ ಕಬ್ಬಿಣದ ರಾಟೆ ಕಣ್ರೀ. ಕೈಚೈನು ಎಳೆದ್ರೆ ಎಂಥ ಇಂಜಿನ್ನಾದ್ರೂ ಮೇಲಕ್ಕೆ ಬತ್ತದೆ. ಭಾರ ಮೇಲೇರುವಾಗ ಮಾತ್ರ ಅಂಗೆ ಟಕ್ ಅಂತದೆ, ಇಳಿಯುವಾಗ ಅನ್ನಲ್ಲ. ಅಂದ್ರೆ ಕತ್ತಲಲ್ಲಿ ಯಾರೋ ಎತ್ತತಾವ್ರೆ!

ಕಾಂತ ಗಕ್ಕನೆ ಹಿಂದಕ್ಕೆ ತಿರುಗ್ದ. ಯಾಕಂದ್ರೆ ಆ ಚೈನಲ್ಲಿ ಇಂಜಿನ್ ನೇತಾಡ್ತಿತ್ತು.

ಕಟ್ಟೆಮಳಲವಾಡಿ ರುದ್ರಸ್ವಾಮಿಯ ಪಿಕಪ್ಪಿಗೆ ಬೇರೆ ಇಂಜಿನ್ ಕೂರಿಸಬೇಕಿತ್ತು. ಇಂಜಿನ್ ಸುತ್ತ ಬಿಗಿಯೋ ಗಟ್ಟಿ ಚೈನನ್ನ ಯಾರೋ ಪಿರಿಯಾಪಟ್ಟಣಕ್ಕೆ ಇಸ್ಕೊಂಡು ಹೋಗಿದ್ರು. ರುದ್ರಸ್ವಾಮಿ ತಂಬಾಕು ಬೆಳೆಯೋನು. ಬೇಲ್ ಅಂದ್ರೆ ತಂಬಾಕಿನ ಮೂಟೆ, ಅದನ್ನ ಕಟ್ಟೋ ಹಗ್ಗ ತೆಗೆದು ಎಸೆದ. "ಇದ್ರಲ್ಲೇ ಬಿಗಿ ಬುಡು ಕಾಂತಾ. ಇಷ್ಟು ವರ್ಷ ಬೇಲ್ ತಡೆದೈತೆ, ಇದನ್ನ ತಡೆಯಲ್ವಾ?" ಇವನೂ ಹೂಂ ಅಂದ. ಹಳೇ ಇಂಜಿನ್ ಎತ್ತಿ, ಗಾಡಿ ಹಿಂದಕ್ಕೆ ತಳ್ಳಿದ್ರು. ಅಷ್ಟರಲ್ಲಿ ಕರೆಂಟು ಹೋಯ್ತು. ಬೆಳಿಗ್ಗೆ ಇಳಿಸಿದ್ರಾಯ್ತು ಅಂತ ಕಾಂತ ಊಟಕ್ಕೆ ಹೊರಟ. ರುದ್ರಸ್ವಾಮಿ ಗಾಡಿಯೊಳಗೇ ಮಲಗ್ತೀನಿ ಅಂದ.

ಇವನ ಗುರು ಸಿದ್ದಯ್ಯ ಬದುಕಿದ್ದಿದ್ರೆ ಕೆನ್ನೆಗೆ ಬಾರಿಸೋನು. "ಹಗ್ಗ ಹಸಕ್ಕೆ, ಚೈನು ಇಂಜಿನ್ನಿಗೆ. ಎತ್ತಿದ್ದನ್ನ ನೆಲಕ್ಕಿಳಿಸದೆ ಅನ್ನ ಮುಟ್ಟಬ್ಯಾಡ" ಅಂತ ಬಡ್ಕೊಳ್ಳೋನು. ಚೈನ್ ಹಿಡಿಯೋಕೆ ಮುಂಚೆ ಅಂಗೈಗೆ ವಿಭೂತಿ ಉಜ್ಕೊಳ್ಳೋನು ಆ ಸಿದ್ದಯ್ಯ. ಗ್ರೀಸಿಗೆ ಕೈ ಜಾರಬಾರ್ದಲ್ಲ. ಹೋದ ವರ್ಷ ತೀರ್ಕೊಂಡ. ವಿಭೂತಿಗಟ್ಟಿನೂ ಜೊತೆಗಿಟ್ಟು ಮಣ್ಣು ಮಾಡಿದ್ರು.

ಕಳ್ಳರಿರಬೇಕು ಅಂತ ಕಾಂತ ಮೆಲ್ಲಗೆ ವಾಪಸ್ ಬಂದ. ಹತ್ರ ಬಂದ್ರೆ ಇನ್ನೊಂದು ಸದ್ದು.

ಪಟ್.

ಆಮೇಲೆ… ಟಕ್, ಟಕ್.

ಮೊಬೈಲ್ ಲೈಟ್ ಬಿಟ್ಟ. ಅಯ್ಯೋ ಶಿವನೇ! ಗಾಡಿಯೊಳಗಿನ ಸೆಕೆ ತಡೀದೆ ರುದ್ರಸ್ವಾಮಿ ಕತ್ತಲಲ್ಲಿ ಕೆಳಗೆ ಚಾಪೆ ಹಾಸ್ಕಂಡವ್ನೆ. ಸರಿಯಾಗಿ ಇಂಜಿನ್ ಅಡಿಯಲ್ಲೇ! ಗೊರಕೆ ಹೊಡೀತಾವ್ನೆ. ಮೇಲೆ, ಕಬ್ಬಿಣದ ಅಂಚಿಗೆ ಉಜ್ಜಿ ಹಗ್ಗದ ಎಳೆ ಒಂದೊಂದೇ ಕಿತ್ತು ಬತ್ತಾ ಐತೆ. ಪಟ್ ಅಂದಾಗೆಲ್ಲ ಇಂಜಿನ್ ಚೂರು ಜಾರೋದು. ಕೂಡ್ಲೇ ಕೈಚೈನು ಸರ್ರಂತ ಕೆಳಕ್ಕೆ ಬರೋದು… ಟಕ್. ಮತ್ತೆ ಮೇಲಕ್ಕೆ.

ಚೈನ್ ಹತ್ರ ಯಾರೂ ಇಲ್ಲ.

ಕಾಂತನಿಗೆ ಓಡಿಬಿಡಾನ ಅನ್ನಿಸ್ತಂತೆ. ಓಡಿದ್ರೆ ಆ ಮನುಷ್ಯನ ಗತಿ? ತೂಗೋ ಭಾರದ ಕೆಳಗೆ ತಲೆ ಹಾಕಬ್ಯಾಡ ಅಂತ ಸಿದ್ದಯ್ಯ ಹೇಳಿದ್ದ. ನೆಲಕ್ಕೆ ಬೋರಲು ಬಿದ್ದು, ಕೈ ಚಾಚಿ ಚಾಪೆ ಅಂಚು ಹಿಡ್ಕಂಡ.

"ರುದ್ರಣ್ಣಾ… ಏಳಣ್ಣಾ…"

"ಊಂ… ಏನ್ಲಾ?"

"ಸದ್ದು ಮಾಡ್ಬ್ಯಾಡ. ಇತ್ಲಾಗೆ ಉರುಳು."

ಚಾಪೆ ಸಮೇತ ಎಳೆದ. ಪಟ್. ಪಟ್. ಮೇಲೆ ಬಿಡುವಿಲ್ಲದೆ ಟಕ್ ಟಕ್ ಟಕ್… ಯಾರೋ ಜೀವ ಹಿಡ್ಕಂಡು ಎಳೀತಿರೋ ಅಂಗೆ. ರುದ್ರಸ್ವಾಮಿ ಕಾಲು ಈಚೆ ಬಂತು ನೋಡಿ…

ಚೈನ್ ಸದ್ದು ನಿಂತೋಯ್ತು.

ಪಟಾರ್! ಧಡಲ್!

ಅವನು ಮಲಗಿದ್ದ ಜಾಗದಲ್ಲೇ ಇಂಜಿನ್ ನೆಲಕ್ಕೆ ಹೂತ್ಕಂಡಿತ್ತು.

"ಕಾಂತಾ…" ರುದ್ರಸ್ವಾಮಿ ಪಿಸುಗುಟ್ಟಿದ. "ನಿದ್ದೆಗಣ್ಣಲ್ಲಿ ನೀನೇ ಚೈನ್ ಎಳೀತಿದ್ದೀಯ ಅಂದ್ಕಂಡಿದ್ದೆ. ನೀನು ನೋಡಿದ್ರೆ ಇಲ್ಲಿದ್ದೀಯ… ಹಂಗಾದ್ರೆ ಯಾರ್ಲಾ ಅದು?"

ಕಾಂತ ಅಳ್ತಿದ್ದ.

ಬೆಳಿಗ್ಗೆ ಫೋನ್ ಮಾಡ್ದ, ನಾನೇ ಹೋಗಿದ್ದೆ. ಇಂಜಿನ್ ಅಂಗೇ ಬಿದ್ದಿತ್ತು. ಕೈಚೈನು ಗ್ರೀಸು ಕೂತು ಕೂತು ಹಂಚಿನ ಅಡಿಯಂಗೆ ಕಪ್ಪು. ಆದ್ರೆ ನಿಂತವನ ಕೈ ಎಟುಕೋ ಜಾಗದಲ್ಲಿ ಮಾತ್ರ ಬೆಳ್ಳಗಿತ್ತು. ಕಾಂತ ಕೆಲಸಕ್ಕೆ ರಬ್ಬರ್ ಗ್ಲೌಸ್ ಹಾಕ್ಕೊಳ್ಳೋನು, ಅವನ ಕೈಗುರುತಲ್ಲ ಅದು.

ಮುಟ್ಟಿದೆ ಕಣ್ರೀ. ಮೂಸಿನೂ ನೋಡಿದೆ. ನಂಬೋದಾದ್ರೆ ನಂಬಿ, ಇಲ್ದಿದ್ರೆ ಬುಡಿ… ನನ್ನ ಬೆರಳಿಗೆ ಅಂಟಿದ್ದು ವಿಭೂತಿ.